ಶಿವರಾತ್ರಿಯಿಂದ ಯುಗಾದಿಯವರೆಗೆ ನಮ್ಮ ಹಿತ್ತಲು

ಎಲ್ಲರಿಗೂ ನಮಸ್ಕಾರ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿ ಹೋಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ವಸಂತ ಅಂದರೆ ಚೈತ್ರ, ಅಂದರೆ ಯುಗಾದಿ ಎಂದು ಲೆಕ್ಕ. ಆದರೆ ಅದರ ಕೆಲಸ ಶಿವರಾತ್ರಿಯ ಹೊತ್ತಿಗೇ ಶುರುವಾಗಿರುತ್ತದೆ. ಇವತ್ತು ಬೆಂಗಳೂರು, ಮೈಸೂರು, ತುಮಕೂರು ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತೇನೆ. ಮಲೆನಾಡು, ಕರಾವಳಿಯಲ್ಲಿ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ.

ಮೊದಲು ಹೊಂಗೆಯನ್ನೇ ನೋಡಿ. ಫೆಬ್ರುವರಿಯಲ್ಲಿ ಎಲೆಯೆಲ್ಲ ಹಳದಿಯಾಗಿ ಉದುರುತ್ತದೆ. ಬೆಳಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ರಾಶಿ. ಕೆಲವೇ ದಿನಗಳಲ್ಲಿ ಅದೇ ಕೊಂಬೆಗಳಲ್ಲಿ ಎಳೆ ಹಸಿರು ಚಿಗುರು ಮಿನುಗುತ್ತದೆ. ನವೆಂಬರಿಗೆ ಮಳೆ ನಿಂತಿದೆ, ಮುಂದಿನ ಒಳ್ಳೆಯ ಮಳೆಗೆ ಏಪ್ರಿಲ್ ಬರಬೇಕು. ನೆಲ ಬಿರಿಯುವ ಹಾಗಿದೆ. ಇಂಥ ಹೊತ್ತಲ್ಲಿ ಚಿಗುರು ಎಲ್ಲಿಂದ ಬಂತು?

ನಮ್ಮ ವಸಂತದ ವಿಶೇಷ ಇರುವುದೇ ಇಲ್ಲಿ. ಹಿಮ ಬೀಳುವ ನಾಡಲ್ಲಿ ಹಿಮ ಕರಗಿ, ನೆಲ ಬೆಚ್ಚಗಾಗಿ ವಸಂತ ಬರುತ್ತದೆ. ನಮ್ಮಲ್ಲಿ ಅದು ಬರುವುದು ಒಣ ನೆಲಕ್ಕೆ. ಎಲೆ ಉದುರಿಸಿದ ಮರದಿಂದ ನೀರು ಆವಿಯಾಗುವುದು ತೀರಾ ಕಡಿಮೆಯಾಗುತ್ತದೆ. ಆದರೆ ಆಳದ ಬೇರು ನೀರು ಹೀರುತ್ತಲೇ ಇರುತ್ತದೆ. ಆ ನೀರು ಕಾಂಡದಲ್ಲಿ, ಕೊಂಬೆಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಹಗಲೂ ಉದ್ದವಾಗುತ್ತಾ ಬರುತ್ತದೆ. ಆಗ ಚಿಗುರು ಒಡೆಯುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಎಲೆ ತಿನ್ನುವ ಹುಳುಗಳು ಜಾಸ್ತಿಯಾಗುವುದು ಮಳೆ ಬಿದ್ದ ಮೇಲೆ. ಅಷ್ಟರೊಳಗೆ ಎಲೆ ಬಲಿತು ಗಟ್ಟಿಯಾಗಿರುತ್ತದೆ.

ಅರಳಿ ಮರದ ಚಿಗುರು ತಾಮ್ರದ ಬಣ್ಣದಲ್ಲಿರುತ್ತದೆ, ಮಾವಿನದೂ ಹಾಗೇ. ಅದು ಆಂಥೋಸಯನಿನ್ ಎಂಬ ಬಣ್ಣದ ವಸ್ತು. ಹಸಿರು ಪೂರ್ತಿ ತುಂಬುವವರೆಗೆ ಎಳೆ ಎಲೆಯನ್ನು ಅದು ಸುಡುಬಿಸಿಲಿನಿಂದ ಕಾಯುತ್ತದೆ.

ಬೆಂಗಳೂರಿನ ರಸ್ತೆಗಳಲ್ಲಿ ಈ ಹೊತ್ತಿಗೆ ಹಳದಿ ಟಬೂಬಿಯ ಅರಳುತ್ತದೆ. ಎಲ್ಲರೂ ಫೋಟೋ ತೆಗೆಯುತ್ತಾರೆ. ಅದು ದಕ್ಷಿಣ ಅಮೆರಿಕದಿಂದ ಬಂದ ಮರ, ಚೆಂದವೂ ಹೌದು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರ ಕ್ರುಂಬಿಗಲ್, ವರ್ಷದ ಯಾವ ತಿಂಗಳಲ್ಲೂ ಊರಿನ ಎಲ್ಲೋ ಒಂದು ಕಡೆ ಹೂ ಇರಲಿ ಅಂತ ಯೋಚಿಸಿ ಮರ ನೆಡಿಸಿದರು. ಆದರೂ ನನ್ನ ಮನಸ್ಸು ಹೋಗುವುದು ಹೊಂಗೆ ಕಡೆಗೇ. ಅದರ ಹೂವಿಗೆ ಜೇನುನೊಣ ಮುತ್ತುವುದನ್ನು ಕೆಳಗೆ ನಿಂತು ಕೇಳಬೇಕು.

ಇನ್ನು ಮಾವು. ಒಂದು ಗೊಂಚಲಲ್ಲಿ ನೂರಾರು ಹೂ, ಕೆಲವೊಮ್ಮೆ ಸಾವಿರ ದಾಟುತ್ತದೆ. ಬಹುಪಾಲು ಗಂಡು ಹೂಗಳು. ಕಾಯಿಯಾಗಿ ಉಳಿಯುವುದು ಒಂದೆರಡು ಅಷ್ಟೇ. ಹಾಗಾಗಿ ಹೂ ಉದುರಿತು ಅಂತ ಗಾಬರಿಯಾಗಬೇಡಿ. ಮರದ ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟು ಅಂಟಂಟಾಗಿದೆಯಾ? ಹಾಗಾದರೆ ಮೇಲೆ ಜಿಗಿಹುಳು ಇದೆ. ಅದು ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಅದರ ಮೇಲೆ ಕಪ್ಪು ಮಸಿಯಂಥ ಬೂಷ್ಟು ಬೆಳೆಯುತ್ತದೆ. ಹೂವಿನ ಮೇಲೆ ಬಿಳಿ ಪುಡಿ ಕಂಡರೆ ಅದು ಬೂದಿ ರೋಗ.

ಒಂದು ಮಾತು ಒತ್ತಿ ಹೇಳುತ್ತೇನೆ. ಹೂ ಪೂರ್ತಿ ಅರಳಿರುವಾಗ ಕೀಟನಾಶಕ ಹೊಡೆಯಬೇಡಿ. ಮಾವಿನ ಪರಾಗಸ್ಪರ್ಶ ಮಾಡುವವರಲ್ಲಿ ನೊಣಗಳದ್ದೇ ದೊಡ್ಡ ಪಾಲು, ಜೊತೆಗೆ ಜೇನುಗಳೂ ಇವೆ. ಹೂ ಬಿಡುವ ಮುಂಚೆ ಬುಡಕ್ಕೆ ನೀರು ಸುರಿಯುವುದೂ ಬೇಡ. ಆ ಒಣಗುವಿಕೆ ಹೂವಿಗೆ ಬೇಕು. ಕಾಯಿ ಬಟಾಣಿ ಗಾತ್ರ ಆದ ಮೇಲೆ ನೀರು ಕೊಡಿ.

ಹಕ್ಕಿಗಳ ಸದ್ದೂ ಬದಲಾಗುತ್ತದೆ. ಕುಟ್ರು ಹಕ್ಕಿ ಇಡೀ ದಿನ ಕುಟ್ರೂ ಕುಟ್ರೂ ಅಂತ ಕೂಗುತ್ತದೆ, ಕಣ್ಣಿಗೆ ಕಾಣುವುದು ಮಾತ್ರ ಕಷ್ಟ. ಎಲೆ ಬಣ್ಣದ್ದೇ ಹಕ್ಕಿ ಅದು. ಒಣಗಿದ ಕೊಂಬೆಯಲ್ಲಿ ತೂತು ಕೊರೆದು ಗೂಡು ಮಾಡುತ್ತದೆ. ಹಾಗಾಗಿ ಒಣಕೊಂಬೆ ಯಾರ ತಲೆ ಮೇಲೂ ಬೀಳುವ ಹಾಗಿಲ್ಲದಿದ್ದರೆ ಕಡಿಯದೆ ಬಿಡಿ. ಸೂರಕ್ಕಿ ಜೇಡರ ಬಲೆ, ನಾರು, ತೊಗಟೆ ಚೂರು ಸೇರಿಸಿ ವರಾಂಡದ ವೈರಿಗೇ ಗೂಡು ನೇತುಹಾಕುತ್ತದೆ. ಜೇಡರ ಬಲೆಯನ್ನು ಮೂಲೆಮೂಲೆಯಲ್ಲೂ ತೆಗೆದು ಹಾಕಿದರೆ ಅದಕ್ಕೆ ಸಾಮಾನು ಎಲ್ಲಿ ಸಿಗಬೇಕು, ಅಲ್ವಾ? ಕುಹೂ ಅನ್ನುವುದು ಗಂಡು ಕೋಗಿಲೆ. ಚುಕ್ಕೆ ಚುಕ್ಕೆ ಮೈಯ ಹೆಣ್ಣು ಕಿಕ್ ಕಿಕ್ ಅಂತ ಕಿರುಚುತ್ತದೆ. ಅದು ಮೊಟ್ಟೆ ಇಡುವುದು ಕಾಗೆಯ ಗೂಡಲ್ಲಿ.

ತರಗೆಲೆಗೆ ಬೆಂಕಿ ಇಡುವ ಅಭ್ಯಾಸ ನನಗೆ ಬಹಳ ನೋವು ಕೊಡುತ್ತದೆ. ಆ ಎಲೆಯನ್ನೇ ಗಿಡದ ಬುಡಕ್ಕೆ ಹರಡಿ. ತೇವ ನಿಲ್ಲುತ್ತದೆ, ನಿಧಾನಕ್ಕೆ ಗೊಬ್ಬರವಾಗುತ್ತದೆ.

ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಹಲವು ಊರಿನ ಮಕ್ಕಳು, ದೊಡ್ಡವರು ಒಂದೊಂದು ಮರ ಆರಿಸಿಕೊಂಡಿದ್ದಾರೆ. ವಾರಕ್ಕೊಮ್ಮೆ ಅದರ ಎಲೆ, ಹೂ, ಕಾಯಿ ನೋಡಿ ದಾಖಲಿಸುತ್ತಾರೆ. ಬಿಸಿಲು ಏರಿದರೆ ಚಿಗುರು ಬೇಗ ಬರುತ್ತಿದೆಯೇ ಎಂದು ತಿಳಿಯಲು ಇಂಥ ದಾಖಲೆಯೇ ಬೇಕು. ನೀವೂ ಮನೆ ಮುಂದಿನ ಒಂದು ಮರಕ್ಕೆ ನೋಟ್‌ಬುಕ್ ಇಡಿ. ಮೊದಲ ಚಿಗುರು, ಮೊದಲ ಹೂ, ಎರಡರ ತಾರೀಕು ಸಾಕು. ಯುಗಾದಿಯ ದಿನ ಬೇವಿನ ಹೂ ಕೀಳುವಾಗ, ಅದು ಅರಳಿ ಎಷ್ಟು ದಿನ ಆಯಿತು ಅಂತಲೂ ಬರೆದುಕೊಳ್ಳಿ.

ಇನ್ನು ನಿಮ್ಮ ಹಿತ್ತಲಲ್ಲಿ ಏನು ಚಿಗುರಿದೆ, ಹೇಳಿ. ಹಿಂದಿನ ಸಾಲಿನವರಿಂದ ಶುರು ಮಾಡೋಣ.