ಒಂದು ಹಡಗು, ಎರಡು ಸಮೋವಾ: ಫ್ಲೂ ಬಗ್ಗೆ ಒಂದಿಷ್ಟು ಮಾತು

ಎಲ್ರಿಗೂ ನಮಸ್ಕಾರ. 1918ರ ಫ್ಲೂ ಅಂದ್ರೆ ಎಲ್ರೂ ಯುರೋಪಿನ ಯುದ್ಧದಿಂದ ಶುರು ಮಾಡ್ತಾರೆ, ನಾನು ಪೆಸಿಫಿಕ್ ಸಾಗರದ ಮಧ್ಯದಲ್ಲಿರೋ ಸಮೋವಾದಿಂದ ಶುರು ಮಾಡ್ತೀನಿ, ಯಾಕಂದ್ರೆ ಈ ಕಾಯಿಲೆ ವಿಷಯದಲ್ಲಿ ತಿಳ್ಕೊಳ್ಲೇಬೇಕಾದ್ದು ಅಲ್ಲಿದೆ ಅಂತ ನನಗನ್ಸುತ್ತೆ.

ಆಗ ಸಮೋವಾ ಎರಡು ಭಾಗ ಆಗಿತ್ತು, ಪಶ್ಚಿಮದ್ದು ನ್ಯೂಜಿಲೆಂಡ್ ಮಿಲಿಟರಿ ಕೈಲಿ, ಪೂರ್ವದ್ದು ಅಮೆರಿಕದ ನೌಕಾಪಡೆ ಕೈಲಿ. ಒಂದೇ ಜನ, ಒಂದೇ ಭಾಷೆ, ಆ ಕಡೆ ಈ ಕಡೆ ನೆಂಟಸ್ತನ, ಮಧ್ಯೆ ಒಂದಿಷ್ಟು ಸಮುದ್ರ ಅಷ್ಟೆ. 1918ರ ನವೆಂಬರ್ 7ಕ್ಕೆ ಆಕ್ಲೆಂಡ್ ಕಡೆಯಿಂದ ಟಲೂನೆ ಅನ್ನೋ ಹಡಗು ಪಶ್ಚಿಮದ ಅಪಿಯಾ ಬಂದರಿಗೆ ಬಂತು, ಒಳಗೆ ಜ್ವರದೋರಿದ್ರು, ದಾರೀಲಿ ಫಿಜಿಯಲ್ಲಿ ಅದನ್ನ ಕ್ವಾರಂಟೈನಲ್ಲಿ ಇಟ್ಟಿದ್ರು ಕೂಡ, ಆದ್ರೂ ಅಪಿಯಾದಲ್ಲಿ ಜನಾನ ಇಳಿಸಿಬಿಟ್ರು. ಕೆಲವೇ ವಾರದಲ್ಲಿ ಸುಮಾರು 8500 ಜನ ಹೋದ್ರು, ಅಂದ್ರೆ ಐದರಲ್ಲಿ ಒಬ್ಬರಿಗಿಂತ ಜಾಸ್ತಿ. ಮನೆಮಂದಿಯೆಲ್ಲ ಹಾಸಿಗೆ ಹಿಡಿದಾಗ ನೀರು ಕೊಡೋರೂ ಇಲ್ಲ, ಹೆಣಗಳನ್ನ ಚಾಪೇಲಿ ಸುತ್ತಿ ಒಟ್ಟಿಗೇ ಗುಂಡೀಲಿ ಹೂತ್ರು.

ಪೂರ್ವದಲ್ಲಿ ಏನಾಯ್ತು? ಗವರ್ನರ್ ಜಾನ್ ಪೊಯರ್ ರೇಡಿಯೋದಲ್ಲಿ ಸುದ್ದಿ ತಿಳಿದ ತಕ್ಷಣ ಬಂದರು ಮುಚ್ಚಿಸಿದ, ತೀರದ ಉದ್ದಕ್ಕೂ ಊರಿನೋರೇ ಕಾವಲು ನಿಂತ್ರು, ಪಕ್ಕದ ದ್ವೀಪದಿಂದ ದೋಣೀಲಿ ಬಂದ ನೆಂಟರನ್ನೂ ವಾಪಸ್ ಕಳಿಸಿದ್ರು. ಅಲ್ಲಿ ಫ್ಲೂನಿಂದ ಒಬ್ರೂ ಸಾಯ್ಲಿಲ್ಲ. ಪೊಯರ್ ಪಶ್ಚಿಮಕ್ಕೆ ಡಾಕ್ಟರ್‌ಗಳನ್ನ ಕಳಿಸ್ತೀನಿ ಅಂದ್ರೂ ಅಲ್ಲಿನ ಆಡಳಿತಗಾರ ರಾಬರ್ಟ್ ಲೋಗನ್ ತಗೊಳ್ಲಿಲ್ಲ. ಇದನ್ನ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ ಕ್ಷಮೆ ಕೇಳಿದ್ದು 2002ರಲ್ಲಿ.

ಇನ್ನೊಂದು ಮಾತು, ಪೊಯರ್‌ಗೆ ಈ ಕಾಯಿಲೆ ವೈರಸ್‌ನಿಂದ ಬರುತ್ತೆ ಅಂತಾನೇ ಗೊತ್ತಿರ್ಲಿಲ್ಲ. ಆಗ ತುಂಬಾ ಡಾಕ್ಟರ್‌ಗಳು ಇದು ಒಂದು ಬ್ಯಾಕ್ಟೀರಿಯಾದಿಂದ ಬರೋದು ಅಂದ್ಕೊಂಡಿದ್ರು, ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದೇ 1933ರಲ್ಲಿ, ಲಂಡನ್‌ನಲ್ಲಿ.

ಈ ವೈರಸ್‌ನ ಜೀನ್‌ಗಳು ಒಂದೇ ದಾರದಲ್ಲಿಲ್ಲ, ಎಂಟು ಬೇರೆಬೇರೆ ತುಂಡು. ಹಕ್ಕಿ ಫ್ಲೂ, ಮನುಷ್ಯರ ಫ್ಲೂ ಎರಡೂ ಒಂದೇ ಜೀವಕೋಶದೊಳಗೆ ಹೊಕ್ರೆ ಎರಡು ಕಟ್ಟು ಇಸ್ಪೀಟ್ ಕಲಸಿದ ಹಾಗೆ ಆ ತುಂಡುಗಳು ಅದಲು ಬದಲಾಗಿ ಹೊಸದೊಂದು ವೈರಸ್ ಹುಟ್ಟಬಹುದು. 1957ರಲ್ಲಿ ಜಗತ್ತಿಗೆಲ್ಲ ಹರಡಿದ ಫ್ಲೂನಲ್ಲಿ ಹಕ್ಕಿಯಿಂದ ಬಂದ ಮೂರು ತುಂಡು ಇತ್ತು, 1968ರದ್ರಲ್ಲಿ ಎರಡು. ವರ್ಷ ವರ್ಷ ಆಗೋ ಚಿಕ್ಕ ಬದಲಾವಣೆ ಬೇರೆ, ಅದಕ್ಕೇ ಲಸಿಕೆನ ಆಗಾಗ ಬದಲಾಯಿಸ್ತಾರೆ. ಆದ್ರೆ ವೈರಸ್‌ನ ಹೊರಮೈ ಮೇಲಿರೋ ಪ್ರೋಟೀನೇ ಹೊಸದಾದ್ರೆ ನಮ್ಮ ಮೈಗೆ ಅದರ ಪರಿಚಯಾನೇ ಇರಲ್ಲ. 2009ರ ಎಚ್1ಎನ್1, ಅಂದ್ರೆ ಹಂದಿ ಜ್ವರದ ಟೈಮಲ್ಲಿ ವಯಸ್ಸಾದೋರಿಗೆ ಕಾಟ ಕಮ್ಮಿ ಇತ್ತು, ಯಾಕಂದ್ರೆ ಅಂಥದೇ ಹಳೇ ವೈರಸ್ಸು ಅವರಿಗೆ ಚಿಕ್ಕಂದಿನಲ್ಲೇ ತಗುಲಿ ಹೋಗಿತ್ತು.

1918ರಲ್ಲಿ ಸತ್ತೋರಲ್ಲಿ ಇಪ್ಪತ್ತರಿಂದ ನಲವತ್ತರ ಪ್ರಾಯದ ಗಟ್ಟಿಮುಟ್ಟು ಜನಾನೇ ತುಂಬಾ. ಎಷ್ಟೋ ಜನರ ಜೀವ ತೆಗೆದಿದ್ದು ಫ್ಲೂ ಹಿಂದೇನೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ, ಆಂಟಿಬಯಾಟಿಕ್ ಅನ್ನೋದೇ ಇಲ್ದ ಕಾಲ ಅದು.

ನಮ್ಮ ದೇಶಕ್ಕೂ ಹಡಗಲ್ಲೇ ಬಂತು. ಜೂನ್‌ನಲ್ಲಿ ಬೊಂಬಾಯಿಯಲ್ಲಿ ಮೊದಲು ಕಾಯಿಲೆ ಬಿದ್ದೋರಲ್ಲಿ ಪೊಲೀಸ್ ಸಿಪಾಯಿಗಳಿದ್ರು, ಅವರಲ್ಲೊಬ್ಬ ಹಡಗುಕಟ್ಟೆ ಡ್ಯೂಟಿಯವನು. ಆಮೇಲೆ ರೈಲು ಹಿಡಿದು ಒಳನಾಡಿಗೆಲ್ಲ ಹರಡ್ತು. ಆ ವರ್ಷ ಮಳೆ ಬೇರೆ ಕೈಕೊಟ್ಟಿತ್ತು, ಸೆಪ್ಟೆಂಬರ್ ಅಕ್ಟೋಬರ್‌ನ ಎರಡನೇ ಅಲೆ ಬಂದಾಗ ಜನಕ್ಕೆ ಹೊಟ್ಟೆಗೂ ಸರಿಯಾಗಿ ಇಲ್ಲ. ತುಂಬಾ ಪೆಟ್ಟು ತಿಂದ ಬೊಂಬಾಯಿ ಪ್ರಾಂತ್ಯದಲ್ಲಿ ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ ಎಲ್ಲ ಇದ್ವು. ದೇಶದಲ್ಲಿ ಒಂದು ಕೋಟಿಗೂ ಮೀರಿ ಸತ್ರು, 1921ರ ಜನಗಣತೀಲಿ ಹತ್ತು ವರ್ಷದ ಹಿಂದಿಗಿಂತ ಜನಸಂಖ್ಯೆನೇ ಕಮ್ಮಿ ಬಂತು.

ಈಗಿನ ವಿಷಯಕ್ಕೆ ಬರ್ತೀನಿ. 2024ರಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಎಚ್5ಎನ್1 ಅನ್ನೋ ಹಕ್ಕಿ ಫ್ಲೂ ವೈರಸ್ ಸಿಕ್ತು, 2025ರ ಶುರುವಲ್ಲಿ ನಮ್ಮ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಕೋಳಿಗಳಿಗೆ ಹಕ್ಕಿ ಜ್ವರ ಬಂತು. ಇದು ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡೋ ಹಾಗೆ ಇನ್ನೂ ಆಗಿಲ್ಲ, ಹಾಲು ಕಾಯಿಸಿದ್ರೆ, ಕೋಳಿ ಚೆನ್ನಾಗಿ ಬೇಯಿಸಿದ್ರೆ ವೈರಸ್ ಸಾಯುತ್ತೆ, ಅದಕ್ಕೆ ಹೆದರ್ಬೇಡಿ. ನಂಗಿರೋ ಚಿಂತೆ ಕೋಳಿ ಸಾಕೋರದ್ದು. ಹತ್ತಿಪ್ಪತ್ತು ಕೋಳಿ ಒಟ್ಟಿಗೆ ಸತ್ತಾಗ ಹೇಳಿದ್ರೆ ಉಳಿದಿದ್ದನ್ನೆಲ್ಲ ಕೊಲ್ಲಿಸ್ತಾರೆ, ಸಾಲ ಹೆಂಗೆ ತೀರಿಸೋದು ಅಂತ ಅವರಿಗೆ ಭಯ ಇರೋದು ಸಹಜ. ಆದ್ರೆ ಸತ್ತ ಕೋಳೀನ ಕೆರೆಗೋ ಚರಂಡಿಗೋ ಬಿಸಾಕ್ಬೇಡಿ, ಬರಿಗೈಲಿ ಮುಟ್ಬೇಡಿ, ಅವತ್ತೇ ಪಶು ಆಸ್ಪತ್ರೆಗೆ ಹೇಳಿ. ಸರ್ಕಾರಾನೂ ಪರಿಹಾರದ ದುಡ್ಡನ್ನ ತಿಂಗಳುಗಟ್ಲೆ ಕಾಯಿಸ್ದೆ ಕೊಡ್ಬೇಕು, ಇಲ್ಲಾಂದ್ರೆ ಮುಂದಿನ ಸಲ ಯಾರೂ ಬಾಯಿ ಬಿಡಲ್ಲ. ನಿಮ್ಮಲ್ಲಿ ಯಾರಾದ್ರೂ ಕೋಳಿ ಫಾರಂ ಇಟ್ಟಿದ್ರೆ ಮೊದಲು ನೀವೇ ಮಾತಾಡಿ.