ಗೋಡೆಯಿಂದ ಮಾಡಿಗೆ ಒಂದು ಸರಳರೇಖೆ

ಕೇಳುಗರಿಗೆ ನಮಸ್ಕಾರ. ಇವತ್ತು ಸ್ವಲ್ಪ ಗಣಿತ ಮಾತಾಡುವ: ಸಮೀಕರಣ ನೋಡಿ ಸರಳರೇಖೆ ಎಳೆಯುವುದು ಹೇಗೆ ಅಂತ. ಬಾನುಲಿಯಲ್ಲಿ ಕರಿಹಲಗೆ ಇಲ್ಲ, ಹಾಗಾಗಿ ಒಂದು ಚೌಕುಳಿ ಪುಸ್ತಕ, ಪೆನ್ಸಿಲು, ಅಡಿಪಟ್ಟಿ ಹತ್ತಿರ ಇಟ್ಟುಕೊಳ್ಳಿ. ಮನೆಯಲ್ಲಿ ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳಿದ್ದರೆ ಅವರನ್ನೂ ಕರೆಯಿರಿ.

ಉಡುಪಿ ಹತ್ತಿರದ ನಮ್ಮ ಹಳೆಯ ಮನೆಯ ಹಂಚಿನ ಮಾಡನ್ನು, ಅಂದರೆ ಛಾವಣಿಯನ್ನು, ಬಿಚ್ಚಿ ಹೊಸದಾಗಿ ಕಟ್ಟಿಸಿದ ವರ್ಷ, ಟೇಪಿನ ಒಂದು ತುದಿ ಹಿಡಿದುಕೊಳ್ಳುವ ಕೆಲಸ ನನ್ನದು. ಮಾಡು ಎಷ್ಟು ಇಳಿಜಾರು ಇರಬೇಕು ಎಂದು ನಾನು ಮಾತು ತೆಗೆದೆ. ಆಚಾರಿಗಳು ತಡೆದರು: "ಮೊದಲು ಗೋಡೆಯ ಎತ್ತರ ಹೇಳಿ ಮಾಷ್ಟ್ರೇ, ಇಳಿಜಾರು ಆಮೇಲೆ ನೋಡುವ." ಗೋಡೆ 8 ಅಡಿ. ಅಲ್ಲಿಂದ ಒಳಕ್ಕೆ 3 ಅಡಿ ಹೋದರೆ 2 ಅಡಿ ಏರಬೇಕು ಎಂದು ಅವರು ಲೆಕ್ಕ ಹಾಕಿದರು. ಅಷ್ಟೇ. ಆ ಎರಡು ಅಳತೆಯಲ್ಲಿ ಮಾಡಿನ ಓರೆ ಮರಗಳಾದ ಪಕಾಸುಗಳೆಲ್ಲ ಕೂತವು, ಮೇಲೆ ಅಡ್ಡಪಟ್ಟಿಗಳಾದ ರೀಪು, ಅದರ ಮೇಲೆ ಹಂಚು.

ವರ್ಷಗಟ್ಟಲೆ ತರಗತಿಯಲ್ಲಿ ಸರಳರೇಖೆಯ ಪಾಠ ಮಾಡಿದವನಿಗೆ ಆ ದಿನ ಅದು ಕಣ್ಣೆದುರು ನಿಂತಿತು. ಗೋಡೆಯೇ ವೈ ಅಕ್ಷ, ನೆಲವೇ ಎಕ್ಸ್ ಅಕ್ಷ. ಗೋಡೆಯ ಮೇಲೆ ಮಾಡು ಕೂರುವ ಜಾಗ, ಆ 8, ವೈ ಅಂತಃಛೇದ. ಇಂಟರ್‌ಸೆಪ್ಟ್ ಅನ್ನುತ್ತಾರಲ್ಲ, ರೇಖೆ ವೈ ಅಕ್ಷವನ್ನು ಮುಟ್ಟುವ ಜಾಗ, ಅದು. 3 ಅಡಿಗೆ 2 ಅಡಿ ಏರುವುದು ಇಳಿಜಾರು, ಸ್ಲೋಪ್. ಪಾಠಪುಸ್ತಕದ ಮಾತಿನಲ್ಲಿ: ವೈ ಸಮ ಮೂರನೇ ಎರಡು ಎಕ್ಸ್, ಕೂಡಿಸು 8.

ಈಗ ಬರೆಯಿರಿ. ಒಂದು ಚೌಕಕ್ಕೆ ಒಂದು ಅಡಿ. ಎರಡು ಅಕ್ಷ ಎಳೆಯಿರಿ, ಎಡಗಡೆ ನಾಲ್ಕು ಚೌಕ ಜಾಗ ಉಳಿಯಲಿ. ವೈ ಅಕ್ಷದಲ್ಲಿ 8ರ ಮೇಲೆ ಚುಕ್ಕಿ ಇಡಿ. ಸಮೀಕರಣದಲ್ಲಿ ಕೊನೆಗೆ ಬರೆದ ಸಂಖ್ಯೆಯೇ ಮೊದಲ ಹೆಜ್ಜೆ. ಎಷ್ಟೋ ಮಕ್ಕಳು ಈ 8ನ್ನು ಎಕ್ಸ್ ಅಕ್ಷದ ಮೇಲೆ ಇಟ್ಟುಬಿಡುತ್ತಾರೆ; ಅಂದರೆ ಮಾಡನ್ನು ಅಂಗಳದಿಂದ ಎಬ್ಬಿಸಿದ ಹಾಗೆ.

ಚುಕ್ಕಿಯಿಂದ ಬಲಕ್ಕೆ 3 ಚೌಕ, ಮೇಲಕ್ಕೆ 2 ಚೌಕ. ಇನ್ನೊಂದು ಚುಕ್ಕಿ. ಮತ್ತೆ 3, ಮತ್ತೆ 2. ಎಕ್ಸ್ 6 ಇರುವಲ್ಲಿ ವೈ 12 ಬರಬೇಕು. 6ರ ಮೂರನೇ ಎರಡು 4, ಅದಕ್ಕೆ 8 ಸೇರಿಸಿದರೆ 12. ಎರಡು ಚುಕ್ಕಿ ಇದ್ದರೆ ರೇಖೆ ಎಳೆಯಬಹುದು ನಿಜ, ಆದರೆ ಈ ಮೂರನೆಯದು ತಪ್ಪನ್ನು ಹಿಡಿದುಕೊಡುತ್ತದೆ, ಬಿಡಬೇಡಿ.

ಎಲ್ಲರೂ ಎಡವುವುದು ಇಲ್ಲೇ: 2 ಪಕ್ಕಕ್ಕೋ, 3 ಪಕ್ಕಕ್ಕೋ? ನಮ್ಮ ಭಾಷೆಯೇ ಇದಕ್ಕೆ ದಾರಿ ಹೇಳುತ್ತದೆ. ಕನ್ನಡದಲ್ಲಿ ನಾವು "ಮೂರನೇ ಎರಡು" ಅನ್ನುತ್ತೇವೆ, ಛೇದ ಮೊದಲು, ಅಂಶ ಆಮೇಲೆ. ಕೇಳಿದ ಕ್ರಮದಲ್ಲೇ ನಡೆಯಿರಿ: ಮೂರು ಪಕ್ಕಕ್ಕೆ, ಎರಡು ಮೇಲಕ್ಕೆ. ಇದನ್ನು ನಾನು ತುಂಬ ತಡವಾಗಿ ಗಮನಿಸಿದೆ. ಮೊದಲೇ ಹೊಳೆದಿದ್ದರೆ ಎಷ್ಟು ಮಕ್ಕಳ ಕಣ್ಣೀರು ಉಳಿಯುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ. ಅದಲುಬದಲಾದರೆ ಇಳಿಜಾರು ಎರಡನೇ ಮೂರು ಆಗಿ, ಹಂಚು ನಿಲ್ಲಲಾರದಷ್ಟು ಕಡಿದಾಗುತ್ತದೆ.

ರೇಖೆಯನ್ನು ವೈ ಅಕ್ಷದಲ್ಲೇ ನಿಲ್ಲಿಸಬೇಡಿ. 8ರಿಂದ ಎಡಕ್ಕೆ 3, ಕೆಳಕ್ಕೆ 2 ಹೋಗಿ. ಎಕ್ಸ್ ಋಣ 3, ವೈ 6. ಗೋಡೆಯಿಂದ ಹೊರಗೆ ಚಾಚಿದ ಸೂರು ಅದು, ಹಳೆಯ ಮನೆಗಳಲ್ಲಿ ತಲೆ ಬಗ್ಗಿಸಿ ಒಳಗೆ ಬರುವ ಜಾಗ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಸೂರು ಚಾಚದಿದ್ದರೆ ಮಣ್ಣಿನ ಗೋಡೆ ಉಳಿದೀತೇ?

ಪರೀಕ್ಷೆಯಲ್ಲಿ ಇದೇ ರೇಖೆ ಬೇರೆ ವೇಷದಲ್ಲಿ ಬರುತ್ತದೆ: 2 ಎಕ್ಸ್ ಕಳೆ 3 ವೈ ಕೂಡಿಸು 24 ಸಮ ಸೊನ್ನೆ. ಯಕ್ಷಗಾನದ ವೇಷದವರ ಹಾಗೆ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಕರೆದುಕೊಂಡು ಹೋಗಿ ಬಣ್ಣ ತೆಗೆಯಿರಿ. 3 ವೈಯನ್ನು ಆಚೆ ಬದಿಗೆ ಒಯ್ದು ಎಲ್ಲವನ್ನೂ 3ರಿಂದ ಭಾಗಿಸಿದರೆ ನಮ್ಮ ಮಾಡೇ ಸಿಗುತ್ತದೆ. ಬೆಲೆಗಳ ಕೋಷ್ಟಕ ಹಾಕಿ ಬಿಂದು ಗುರುತಿಸುವ ಕ್ರಮವೂ ಸರಿಯೇ, ಅದರಲ್ಲಿ ರೇಖೆ ಸಿಗುತ್ತದೆ. ಆದರೆ ರೇಖೆ ಎಲ್ಲಿಂದ ಹೊರಟಿತು, ಹೇಗೆ ಏರಿತು ಎಂಬುದು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ.

ಸಮತಟ್ಟಾದ ಟೆರೇಸಿಗೆ ಇಳಿಜಾರು ಸೊನ್ನೆ. ನೀರು ನಿಲ್ಲುತ್ತದೆಂದೇ ನಮ್ಮಲ್ಲಿ ಅದರ ಮೇಲೂ ಶೀಟು ಹಾಕಿಸುವುದು. ನೆಟ್ಟಗೆ ನಿಂತ ಗೋಡೆಗೆ ಇಳಿಜಾರು ಎಂಬುದೇ ಇಲ್ಲ. ಪಕ್ಕಕ್ಕೆ ಸೊನ್ನೆ ಹೆಜ್ಜೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ.

ಇನ್ನು ಮಾಡಿನ ಆಚೆ ಮಗ್ಗುಲು. ಮನೆಯ ಅಗಲ 18 ಅಡಿ, ಆಚೆ ಗೋಡೆಯೂ 8 ಅಡಿ. ಅಲ್ಲಿ ಬಲಕ್ಕೆ ಹೋದಂತೆ ಇಳಿಯುವುದರಿಂದ ಇಳಿಜಾರು ಋಣ ಮೂರನೇ ಎರಡು. 18ರ ಮೂರನೇ ಎರಡು 12, ಅದಕ್ಕೆ 8 ಸೇರಿಸಿದರೆ ಅಂತಃಛೇದ 20. ಆದರೆ ನಮ್ಮ ಗೋಡೆಯ ಮೇಲೆ 20 ಅಡಿಯಲ್ಲಿ ಮರವೂ ಇಲ್ಲ, ಹಂಚೂ ಇಲ್ಲ, ಬರೀ ಗಾಳಿ. ಆ ಇಳಿಜಾರನ್ನು ನೆತ್ತಿಯಿಂದ ಈಚೆಗೆ ಬೆಳೆಸಿದರೆ ವೈ ಅಕ್ಷವನ್ನು ಮುಟ್ಟುವ ಜಾಗ ಅದು. 20ರಲ್ಲಿ ಚುಕ್ಕಿ ಇಟ್ಟು, ಬಲಕ್ಕೆ 3, ಕೆಳಕ್ಕೆ 2 ಎಂದು ಇಳಿಯುತ್ತ ಬನ್ನಿ. ಎಕ್ಸ್ 9, ವೈ 14ರಲ್ಲಿ ಎರಡು ರೇಖೆಗಳು ಕೂಡಿದರೆ ನಿಮ್ಮ ಮಾಡು ಸರಿಯಾಗಿ ಕೂತಿದೆ.

ನಮಸ್ಕಾರ.