ಹಳದಿ ನಕ್ಷೆಯ ದಿನ: ಅಮೆರಿಕದ ಬಯಲಲ್ಲಿ ಆಲಿಕಲ್ಲು ಬೀಳುತ್ತೆ ಅಂತ ಹೇಗೆ ಹೇಳ್ತಾರೆ?

(ಪರದೆ ಮೇಲೆ: ಟೆಕ್ಸಾಸ್, ಒಕ್ಲಹೋಮಾ, ಕಾನ್ಸಸ್ ನಕ್ಷೆ, ನಡುವೆ ಹಳದಿ ಪಟ್ಟಿ)

ಏಪ್ರಿಲ್, ಮೇ ಬಂತು ಅಂದರೆ ಡಲ್ಲಾಸ್ ಕಡೆ ಇರೋ ನಮ್ಮವರ ವಾಟ್ಸಾಪ್‌ನಲ್ಲಿ ಈ ನಕ್ಷೆ ಓಡಾಡುತ್ತೆ. ಇದನ್ನ ಬರೆಯೋದು ಒಕ್ಲಹೋಮಾದ ನಾರ್ಮನ್ ಊರಿನಲ್ಲಿರೋ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್. ಅಪಾಯಕ್ಕೆ ಐದು ಹಂತ, ಹಳದಿ ಎರಡನೆಯದು. ‘ಎರಡೇ ತಾನೇ’ ಅಂತ ಕಾರನ್ನ ಹೊರಗೇ ಬಿಟ್ಟು ಮಲಗೋರು ಬಹಳ ಜನ.

ಆಲಿಕಲ್ಲಿನ ಲೆಕ್ಕದಲ್ಲಿ ಹಳದಿ ಅಂದರೆ, ನೀವಿರೋ ಜಾಗದಿಂದ 40 ಕಿ.ಮೀ. ಒಳಗೆ ಎಲ್ಲಾದರೂ ಒಂದಿಂಚು ಅಥವಾ ಅದಕ್ಕಿಂತ ದಪ್ಪನೆಯ ಕಲ್ಲು ಬೀಳೋ ಸಾಧ್ಯತೆ 15 ಪರ್ಸೆಂಟ್. ಮಾಮೂಲಿ ದಿನಕ್ಕಿಂತ ಇದು ಹಲವು ಪಟ್ಟು ಜಾಸ್ತಿ.

ಇಂಥ ಮಳೆಗೆ ಬೇಕಾದ ಸಾಮಾನು ಎರಡು ದಿನ ಮೊದಲೇ ಕಾಣುತ್ತೆ: ಗಲ್ಫ್ ಆಫ್ ಮೆಕ್ಸಿಕೋದ ತೇವ, ಪಶ್ಚಿಮದ ಒಣಗಾಳಿ, ಮೇಲೆ ಜೆಟ್ ಸ್ಟ್ರೀಮ್ (ತುಂಬಾ ಎತ್ತರದಲ್ಲಿ ರಭಸವಾಗಿ ಬೀಸೋ ಗಾಳಿ). ಕಂಪ್ಯೂಟರ್ ಮಾಡೆಲ್‌ಗಳು ಇದನ್ನೆಲ್ಲ ಚೆನ್ನಾಗೇ ಹಿಡಿಯುತ್ತವೆ. ಹವಾಮಾನದವರ ತಲೆ ತಿನ್ನೋದು ಬೇರೆ. ಅವರ ಮಾತಲ್ಲಿ ಅದು ‘ಕ್ಯಾಪ್’.

(ಪರದೆ ಮೇಲೆ: ಬಲೂನು ಕಳಿಸಿದ ಗ್ರಾಫ್, ಕೆಂಪು ಗೆರೆ ಮೂಗಿನಂತೆ ಬಲಕ್ಕೆ ಚಾಚಿದೆ)

ಗಾಳಿಯ ಬಿಸಿ, ತೇವ ಅಳೆಯೋಕೆ ಮೇಲಕ್ಕೆ ಬಿಟ್ಟ ಬೆಳಿಗ್ಗೆ ಏಳರ ಬಲೂನಿನ ಗ್ರಾಫ್ ಇದು. ಕೆಂಪು ಗೆರೆ ಉಷ್ಣಾಂಶ. ಮೇಲೆ ಹೋದಂತೆ ಗಾಳಿ ತಣ್ಣಗಾಗಬೇಕು ಅಲ್ವಾ? ಇಲ್ಲಿ ಒಂದೂವರೆ ಕಿ.ಮೀ. ಎತ್ತರದಲ್ಲಿ ಬಿಸಿಯಾಗಿಬಿಟ್ಟಿದೆ. ಮೆಕ್ಸಿಕೋದ ಪ್ರಸ್ಥಭೂಮಿಯಲ್ಲಿ ಕಾದ ಗಾಳಿ ತೇಲಿ ಬಂದು, ತೇವದ ಗಾಳಿಯ ಮೇಲೆ ಕುಕ್ಕರಿನ ಮುಚ್ಚಳದ ಹಾಗೆ ಕೂತಿದೆ. ಇದನ್ನ ಭೇದಿಸೋವರೆಗೆ ಮೋಡ ಮೇಲೇಳಲ್ಲ.

ಕ್ಯಾಪ್ ತೆಳುವಾಗಿದ್ದರೆ ಮಧ್ಯಾಹ್ನಕ್ಕೇ ಎಲ್ಲೆಂದರಲ್ಲಿ ಮೋಡ ಎದ್ದು, ಒಂದರ ಬಲ ಇನ್ನೊಂದು ತಿಂದು, ಎಷ್ಟೋ ಸಲ ಬರೀ ಮಳೆಯಲ್ಲಿ ಮುಗಿಯುತ್ತೆ. ತೀರಾ ಗಟ್ಟಿಯಿದ್ದರೆ ಸಂಜೆವರೆಗೂ ನೀಲಿ ಆಕಾಶ, ಮುನ್ಸೂಚನೆ ಕೊಟ್ಟವರಿಗೆ ಬೈಗುಳ. ಭಯ ಪಡಬೇಕಾದ್ದು ನಡುವಿನದಕ್ಕೆ. ದಿನವಿಡೀ ಶಾಖ ತಡೆದಿಟ್ಟು, ಸಂಜೆ ನಾಲ್ಕೈದರ ಹೊತ್ತಿಗೆ ಒಂದೆರಡು ಕಡೆ ಮಾತ್ರ ಒಡೆಯುತ್ತೆ. ಪೈಪೋಟಿಯಿಲ್ಲದ ಆ ಮೋಡಗಳೇ ತಿರುಗುತ್ತಾ ಸೂಪರ್‌ಸೆಲ್, ಅಂದರೆ ಗಾಳಿಯನ್ನ ಜೋರಾಗಿ ಮೇಲಕ್ಕೆಳೆಯೋ ದೈತ್ಯ ಮೋಡ, ಆಗೋದು. ಕ್ಯಾಪ್‌ನ ಒಂದೆರಡು ಡಿಗ್ರಿ ಬಿಸಿಯ ಮೇಲೆ ಇಡೀ ದಿನ ನಿಂತಿರೋದರಿಂದ, ಕೆಲವು ಹವಾಮಾನ ಕಚೇರಿಗಳು ಇಂಥ ದಿನ ಮಧ್ಯಾಹ್ನ ಇನ್ನೊಂದು ಬಲೂನು ಬಿಡುತ್ತವೆ.

ಗಾಲ್ಫ್ ಚೆಂಡಿನಷ್ಟು ಕಲ್ಲನ್ನ ಮೇಲೇ ಹಿಡಿದಿಡೋಕೆ ಗಂಟೆಗೆ ಸುಮಾರು 90 ಕಿ.ಮೀ. ವೇಗದ ಏರುಗಾಳಿ ಬೇಕು. 2010ರ ಜುಲೈ 23ರಂದು ದಕ್ಷಿಣ ಡಕೋಟಾದ ವಿವಿಯನ್‌ನಲ್ಲಿ ಬಿದ್ದ ಕಲ್ಲಿಗೆ 20 ಸೆಂ.ಮೀ. ಅಡ್ಡಳತೆ, 880 ಗ್ರಾಂ ತೂಕ. ಅದೂ ಕರೆಂಟ್ ಹೋಗಿ ಫ್ರೀಜರ್‌ನಲ್ಲಿ ಸ್ವಲ್ಪ ಕರಗಿದ ಮೇಲೆ ಅಳೆದದ್ದು!

(ಪರದೆ ಮೇಲೆ: ರಾಡಾರ್ ಚಿತ್ರ, ಕೆನ್ನೇರಳೆ ತಿರುಳಿನ ಹಿಂದೆ ಸಣ್ಣ ಮುಳ್ಳು)

ಈ ಮುಳ್ಳು ನೋಡಿ, ನನಗೆ ಬಹಳ ಇಷ್ಟವಾದದ್ದು. ಅಲ್ಲಿ ಮಳೆಯೂ ಇಲ್ಲ, ಏನೂ ಇಲ್ಲ. ರಾಡಾರ್ ಅಲೆ ದಪ್ಪ ಆಲಿಕಲ್ಲಿಗೆ ಬಡಿದು ನೆಲಕ್ಕೆ ಹೋಗಿ, ಮತ್ತೆ ಕಲ್ಲಿಗೆ ಬಂದು, ಆಮೇಲೆ ರಾಡಾರ್‌ಗೆ ಮರಳುತ್ತೆ. ತಡವಾಗಿ ಬಂದದ್ದನ್ನ ಯಂತ್ರ ದೂರದ್ದು ಅಂದುಕೊಂಡು ಹಿಂದೆ ಗೀಚುತ್ತೆ. ಮುಳ್ಳು ಕಂಡರೆ ದೊಡ್ಡ ಕಲ್ಲು ಇದೆ ಅಂತಲೇ ತಿಳೀರಿ.

1995ರ ಮೇ 5ರಂದು ಫೋರ್ಟ್ ವರ್ತ್‌ನಲ್ಲಿ ಮೇಫೆಸ್ಟ್ ಜಾತ್ರೆ. ಸಾವಿರಾರು ಜನ ಬಯಲಲ್ಲಿದ್ದಾಗ ಸಾಫ್ಟ್‌ಬಾಲ್ ಗಾತ್ರದ (ಕ್ರಿಕೆಟ್ ಚೆಂಡಿಗಿಂತ ದೊಡ್ಡ) ಕಲ್ಲು ಸುರಿದು ನೂರಕ್ಕೂ ಹೆಚ್ಚು ಜನಕ್ಕೆ ಗಾಯವಾಯಿತು. ಹಾಗಾಗಿ ಮೋಡ ಎದ್ದ ಮೇಲೆ ನಾರ್ಮನ್ ನಕ್ಷೆ ಬಿಟ್ಟು, ನಿಮ್ಮ ಸ್ಥಳೀಯ ಹವಾಮಾನ ಕಚೇರಿಯ ‘ವಾರ್ನಿಂಗ್’ ನೋಡಿ. ‘ವಾಚ್’ ಅಂದರೆ ಮುಂದಿನ ಕೆಲವು ಗಂಟೆ ಎಚ್ಚರವಾಗಿರಿ ಅಂತ. ‘ವಾರ್ನಿಂಗ್’ ಬಂದರೆ ತಕ್ಷಣ ಒಳಗೆ ಹೋಗಿ, ಕಿಟಕಿಯಿಂದ ದೂರ ಇರಿ. ದಾರಿಯಲ್ಲಿದ್ದರೆ ಹೆದ್ದಾರಿ ಸೇತುವೆ ಕೆಳಗೆ ಮಾತ್ರ ಕಾರು ನಿಲ್ಲಿಸಬೇಡಿ: ಇಬ್ಬರು ನಿಂತರೆ ರಸ್ತೆ ಕಟ್ಟಿಕೊಂಡು, ಹಿಂದಿರೋರೆಲ್ಲ ಆಲಿಕಲ್ಲಿನ ಕೆಳಗೇ ಸಿಕ್ಕಿಬೀಳ್ತಾರೆ.